ಬೆಳ್ಳಿ ಮುಟ್ಟಿದ ಕೈ

ಬಣ್ಣ ಹಾಕುವುದೇ ಕಸುಬಾದವನಿಗೆ ಬಣ್ಣ ಹತ್ತಬೇಕಾದ ಜಾಗ ಒಂದನ್ನು ಬಿಟ್ಟು ಉಳಿದ ಎಲ್ಲ ಕಡೆ ಹತ್ತುತ್ತದೆ. ನೌಕರಿಯಲ್ಲಿ ನಾನು ಕಲಿತ ಮೊದಲ ಪಾಠ ಇದು. ನಿವೃತ್ತಿಯಾಗುವ ದಿನ ಅಂಗಿಯ ಜೇಬು ನೋಡಿಕೊಂಡೆ, ಅಲ್ಲಿಯೂ ಒಂದು ನೀಲಿ ಕಲೆ ಇತ್ತು.

ನಾನು ಗೋಡೆಗೆ ಬಣ್ಣ ಬಳಿದವನಲ್ಲ, ಸೀರೆಗೆ ಹಾಕಿದವನೂ ಅಲ್ಲ. ಯುದ್ಧಕ್ಕೆ ಮುಂಚೆ, ಮಂಗಳೂರಿನ ಒಂದು ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಮನುಷ್ಯರ ದೇಹದ ಚೂರುಗಳಿಗೆ ಬಣ್ಣ ಹಾಕುವ ಕೆಲಸಕ್ಕೆ ಸೇರಿದೆ. ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಕಡಲೆಯಷ್ಟು ಚೂರನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿಯ ಒಳಸಿಪ್ಪೆಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಪಟ್ಟಿಗೆ ಅಂಟಿಸಿ, ಅದರ ಮೇಲೆ ಔಷಧ ಹಾಕಬೇಕು. ಆಗ ಒಳಗೆ ಅಡಗಿದ್ದೆಲ್ಲ ಹೊರಗೆ ಬರುತ್ತದೆ. ಕಬ್ಬಿಣದ ಅಂಶ ಇದ್ದರೆ ನೀಲಿ. ಸುಣ್ಣದ ಅಂಶ ಇದ್ದರೆ ಕಪ್ಪು. ಮಲೇರಿಯಾದ ಕಂದು ಕಣ ಮಾತ್ರ ಮಹಾ ಕಳ್ಳ. ಹೊಟ್ಟೆಯಲ್ಲಿ ಕಬ್ಬಿಣ ಇಟ್ಟುಕೊಂಡೂ ನೀಲಿಯಾಗುವುದಿಲ್ಲ.

ಕೋಣೆಯಲ್ಲಿ ನಾವು ನಾಲ್ಕು ಜನ. ಮದರಾಸಿನಲ್ಲಿ ಕಲಿತು ಬಂದ ಡಾಕ್ಟ್ರು, ಮೂಗಿನ ತುದಿಯಲ್ಲಿ ಕೋಪ, ಆದರೆ ಚೂರು ಇಟ್ಟ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿಯುವವರು. "ಇದು ಒಬ್ಬರ ಮನೆಯ ಮನುಷ್ಯ, ನೆನಪಿರಲಿ" ಅನ್ನುತ್ತಿದ್ದರು. ಗಾಜು ತೊಳೆದು ಒರಸಿ ಕೊಡುವ ಮುದುಕರು ಒಬ್ಬರು, ಅವರನ್ನು ಎಲ್ಲರೂ ತುಳುವಿನಲ್ಲಿ ಅಜ್ಜೇರು ಅನ್ನುತ್ತಿದ್ದೆವು. ನೀರು ಸೇದಿ, ನೆಲ ಗುಡಿಸುವ ಕ್ರಿಸ್ತಾನರ ಹೆಂಗಸು ಒಬ್ಬರು, ಅವರನ್ನು ಕೊಂಕಣಿಯಲ್ಲಿ ಬಾಯಿ ಅನ್ನುತ್ತಿದ್ದೆವು. ನಾಲ್ಕನೆಯವ ನಾನು, ದೀಪಾವಳಿಗೆ ಸೇರಿದವ, ಆರು ತಿಂಗಳು ಪರೀಕ್ಷೆಯ ಮೇಲೆ. ಸುಣ್ಣದ್ದೂ ಕಬ್ಬಿಣದ್ದೂ ಒಳ್ಳೆಯ ಸ್ಲೈಡುಗಳನ್ನು ಡಾಕ್ಟ್ರು ಮದರಾಸಿನ ತಮ್ಮ ಗುರುಗಳಿಗೆ ಕಳಿಸಬೇಕಿತ್ತು. ನನ್ನಿಂದ ಅಂಥ ಸ್ಲೈಡು ಆದರೆ ಕೆಲಸ ಖಾಯಂ. ಕೆಲಸ ಖಾಯಂ ಆದರೆ ಕದ್ರಿಯ ಒಂದು ಹುಡುಗಿ ನನಗೆ. ಅವಳನ್ನು ಒಂದು ಸಾರಿ ಬಾವಿಕಟ್ಟೆಯಲ್ಲಿ ನೋಡಿದ್ದೆ, ಅವಳು ನನ್ನನ್ನು ನೋಡಿ ನಕ್ಕಿದ್ದಳು. ನನಗೆ ಅಷ್ಟೇ ಸಾಕಾಗಿತ್ತು.

ಅಲ್ಲಿ ನಾವು ಆಡಿದ್ದೆಲ್ಲ ಹೆಚ್ಚು ಕಡಿಮೆ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಬೈಗುಳ ಸ್ವಲ್ಪ ಸಪ್ಪೆಯಾದೀತು.

೧. ಎರಡೂ ಬದಿ

ಸುಣ್ಣದ ಪರೀಕ್ಷೆಗೆ ಸಿಲ್ವರ್ ನೈಟ್ರೇಟ್ ಬೇಕು, ಮತ್ತೆ ಬಿಸಿಲು ಬೇಕು. ಸ್ಲೈಡಿನ ಮೇಲೆ ಆ ಬೆಳ್ಳಿಯ ನೀರು ಹನಿಸಿ ಬಿಸಿಲಿಗೆ ಇಟ್ಟರೆ ಸುಣ್ಣ ಇದ್ದಲ್ಲೆಲ್ಲ ಕಪ್ಪಾಗುತ್ತದೆ. ನಮ್ಮ ಕೋಣೆಯ ಹಿಂದೆ ಸೊಂಟದೆತ್ತರದ ಕೆಂಪು ಕಲ್ಲಿನ ಕಟ್ಟೆ ಇತ್ತು. ದಿನದ ಬಿಸಿಲೆಲ್ಲ ಅಲ್ಲಿಯೇ. ತೊಳೆದ ಖಾಲಿ ಗಾಜುಗಳೂ ಅಲ್ಲಿಯೇ ಒಣಗುತ್ತಿದ್ದವು. ಬಾಯಿಯ ಒಣಮೀನೂ ಅಲ್ಲಿಯೇ. ಡಾಕ್ಟ್ರು ಮೀನಿಗೆ ಎಷ್ಟೋ ಸಲ ಆಕ್ಷೇಪ ಮಾಡಿದ್ದರು. "ನಿಮ್ಮದೂ ಮಾಂಸ, ನನ್ನದೂ ಮಾಂಸ, ಬಿಸಿಲು ದೇವರದ್ದು" ಎಂದು ಬಾಯಿ ಹೇಳಿದ ಮೇಲೆ ಅವರೇ ಮೀನಿಗೆ ಒಂದು ಮೂಲೆ ಬಿಟ್ಟುಕೊಟ್ಟಿದ್ದರು.

ಒಂದು ದಿನ ಎಂಟು ಸ್ಲೈಡು ತಯಾರು ಮಾಡಿ, ಬೆಳ್ಳಿಯ ನೀರು ಹನಿಸಿ, ಒಂದೊಂದಾಗಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಪಕ್ಕದಲ್ಲಿ ಬಾಯಿ ಮೀನಿನ ಕಾವಲಿಗೆ ಕೂತಿದ್ದರು. "ಕಾಗೆ ಬಂದರೆ ನನ್ನದನ್ನೂ ಸ್ವಲ್ಪ ನೋಡಿಕೊಳ್ಳಿ ಬಾಯಿ" ಎಂದೆ. "ನೀನು ಹೋಗಿ ಚಾ ಕುಡಿ, ನನ್ನದರ ಹಾಗೆಯೇ ನೋಡ್ತೇನೆ" ಎಂದರು.

ಚಾ ಕುಡಿದು ಬಂದು ಸ್ಲೈಡು ಎತ್ತಿದರೆ ಗಾಜು ಸ್ವಚ್ಛ. ಕಪ್ಪೂ ಇಲ್ಲ, ಬಿಳಿಯೂ ಇಲ್ಲ, ಚೂರೇ ಇಲ್ಲ. ಎಂಟರಲ್ಲಿ ಎಂಟೂ ಹಾಗೆಯೇ. ಚೂರುಗಳೆಲ್ಲ ಕೆಂಪು ಕಲ್ಲಿಗೆ ಅಂಟಿ ಕೂತಿದ್ದವು. ಎರಡು ವಾರದ ಕೆಲಸ ಅದು.

"ಯಾರು ಮುಟ್ಟಿದ್ದು ಬಾಯಿ?"

"ಮತ್ತೆ ಯಾರು? ನಾನೇ," ಎಂದರು ಬಾಯಿ, ಹೆಮ್ಮೆಯಿಂದ. "ನಿನಗೆ ಒಣಗಿಸ್ಲಿಕ್ಕೂ ಗೊತ್ತಿಲ್ಲ ಮಾರಾಯ. ಒಂದೇ ಬದಿ ಕಾಯ್ತಾ ಇತ್ತು. ಎಲ್ಲವನ್ನೂ ಮಗುಚಿ ಹಾಕಿದೆ."

೨. ಕದ್ರಿಯ ಬಿಸಿಲು

ಆ ಎಂಟನ್ನು ಮತ್ತೆ ಮಾಡುವ ಗಡಿಬಿಡಿಯಲ್ಲಿಯೇ ಹೆಣ್ಣು ನೋಡುವ ದಿನ ಬಂತು. ಅಮ್ಮ ಮೊದಲೇ ಕದ್ರಿಗೆ ಹೋಗಿದ್ದಳು. ನಾನು ಬೆಳಗಿನ ಕೆಲಸ ಮುಗಿಸಿ ಬರುತ್ತೇನೆ ಎಂದಿದ್ದೆ. ಹೊರಡುವ ಹೊತ್ತಿಗೆ ಬೆಳ್ಳಿಯ ನೀರಿನ ಸೀಸೆ ಜಾರಿ ಎರಡೂ ಕೈಗೆ ಚೆಲ್ಲಿತು. ಬಾವಿಯ ಹತ್ತಿರ ಹೋಗಿ ಸೋಪು ಹಾಕಿ ತೊಳೆದೆ. ಕೈ ಹಾಲಿನ ಹಾಗೆ ಸ್ವಚ್ಛ. ಒಗೆದ ಮುಂಡು, ಇಸ್ತ್ರಿ ಹಾಕಿದ ಅಂಗಿ. ಬಲ್ಮಠ ದಾಟಿ ಮಾರ್ಚ್ ತಿಂಗಳ ಬಿಸಿಲಲ್ಲಿ ಕದ್ರಿಯ ಏರು ಹತ್ತಿದೆ.

ಬೆಳ್ಳಿಯ ನೀರಿನ ಗುಣ ಏನೆಂದರೆ, ತಾಗಿದಾಗ ಏನೂ ಕಾಣುವುದಿಲ್ಲ. ಬೆಳಕು ಬಿದ್ದ ಹಾಗೆ ನಿಧಾನಕ್ಕೆ ಕಪ್ಪಾಗುತ್ತ ಬರುತ್ತದೆ. ಇದನ್ನು ದಿನಾ ಸ್ಲೈಡಿನ ಮೇಲೆ ನೋಡುತ್ತಿದ್ದ ನನಗೆ ನನ್ನ ಕೈಯೂ ಒಂದು ಚರ್ಮ ಎಂದು ಹೊಳೆಯಲಿಲ್ಲ.

ನಮ್ಮದು ಅಳಿಯಕಟ್ಟು, ಹುಡುಗಿಯ ತಂದೆ ನಕ್ಕರೆ ಸಾಲದು, ಸೋದರಮಾವ ನಗಬೇಕು. ಮನೆಯ ಯಜಮಾನಿಕೆ ಅವರದ್ದು. ಈ ಮಾವನಿಗೆ ಕೆಂಪು ಕಲ್ಲು ಕಡಿಯುವ ಕೋರೆ ಇತ್ತು. ಎಷ್ಟು ಬಿಳಿ ಮುಂಡು ಉಟ್ಟರೂ ಅದರ ಚುಂಗು ಕೆಂಪು. ದೊಡ್ಡ ಮೀಸೆ, ಸಣ್ಣ ಕಣ್ಣು. ಚಾವಡಿಯಲ್ಲಿ ಬಿಸಿಲು ಬೀಳುವ ಕಡೆಯೇ ನನ್ನನ್ನು ಕೂರಿಸಿದರು. ಬೆಲ್ಲ, ನೀರು ಬಂತು. ಬೆಲ್ಲಕ್ಕೆ ಕೈ ಚಾಚಿದೆ. ಬೆರಳ ತುದಿ ಬೂದಿಯ ಬಣ್ಣ.

ಮಾವ ನೋಡಿದರು. ಊರು, ಕುಟುಂಬ, ಆಸ್ಪತ್ರೆಯ ಮಾತಾಯಿತು. ನೀರು ಕುಡಿದು ಚೊಂಬು ಕೆಳಗಿಟ್ಟೆ. ಅಷ್ಟರಲ್ಲಿ ಬೆರಳೆಲ್ಲ ಕಪ್ಪು.

"ನಿಮ್ಮ ಕೈಗೆ ಎಂತ ಆದದ್ದು?" ಎಂದರು.

"ಬೆಳ್ಳಿ."

"ಬೆಳ್ಳಿಯಾ?"

"ಹೌದು. ಬೆಳ್ಳಿಯ ನೀರು. ಕೆಲಸದ್ದು. ರೋಗ ಅಲ್ಲ."

ರೋಗ ಎಂಬ ಶಬ್ದ ನಾನು ಎತ್ತಬಾರದಿತ್ತು. ಅಮ್ಮ ಕಣ್ಣು ಮುಚ್ಚಿಕೊಂಡಳು. ಕೈಯನ್ನು ಮುಂಡಿನಡಿ ಹಾಕಲು ನೋಡಿದೆ, ಮಾವ ಬಿಡಲಿಲ್ಲ. ಹಿಡಿದು ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡಿದರು. ನೋಡಿದಷ್ಟೂ ಕಪ್ಪಾಯಿತು. ಒಳಗೆ ಬಾಗಿಲ ಹಿಂದೆ ಯಾರೋ ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡ ಸದ್ದು ಕೇಳಿಸಿತು. ಯಾರೆಂದು ನನಗೆ ಗೊತ್ತಾಯಿತು. ಅಂಥ ಸಂಕಟದಲ್ಲಿಯೂ ಸಂತೋಷವಾಯಿತು.

"ಕೆಲಸ ಖಾಯಂ ಆಗಲಿ. ಕೈಯೂ ಮೊದಲಿನ ಹಾಗೆ ಆಗಲಿ. ಮತ್ತೆ ಮಾತಾಡುವ," ಎಂದರು ಮಾವ. ಆಮೇಲೆ ಅಮ್ಮನ ಕಡೆ ತಿರುಗಿ, "ಊಟಕ್ಕೆ ನಿಲ್ಲಿ ಅಂತ ಹೇಳುವವ ಇದ್ದೆ. ಆದರೆ ಊಟದ ಹೊತ್ತಿಗೆ ಇವರು ಮೊಣಕೈವರೆಗೆ ಹೋಗಿರ್ತಾರೋ ಏನೋ!"

೩. ಬಾಲ ಬಾಕಿ

ಕೈಯ ಕಪ್ಪು ತೆಗೆಯಲು ನಾನು ಪಟ್ಟ ಪಾಡು ಹೇಳಬಾರದು. ಹುಣಸೆ ತಿಕ್ಕಿದೆ, ಬೂದಿ ತಿಕ್ಕಿದೆ. ಚರ್ಮದ ಬಣ್ಣ ಕಟ್ಟಿದ ಚೂರುಗಳನ್ನು ತಿಳಿಯಾಗಿಸಲು ನಾವು ಪರ್ಮಾಂಗನೇಟ್ ಹಾಕುತ್ತಿದ್ದೆವು. ಕೈಗೂ ಅದೇ ಹಾಕಿದರೆ ಎಂದು ಅಜ್ಜೇರು ಸಲಹೆ ಕೊಟ್ಟರು. ಹಾಕಿದೆ. ಕಪ್ಪಿನ ಸುತ್ತ ಒಳ್ಳೆಯ ಕಂದು ಬಂತು. ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಸುಲಿಯುವವರ ಕೈ ಹಾಗಿರುತ್ತದೆ. ಎರಡೇ ದಿನದಲ್ಲಿ, ಹುಡುಗನಿಗೆ ಆಸ್ಪತ್ರೆಯ ಕೆಲಸ ಎಂದದ್ದು ಸುಳ್ಳು, ಅವನು ಗೇರುಬೀಜ ಸುಲಿಯಲು ಹೋಗುತ್ತಾನೆ ಎಂಬ ಸುದ್ದಿ ಕದ್ರಿಗೆ ಮುಟ್ಟಿತು.

ಅದೇ ವಾರ ಇನ್ನೊಂದು ಕೆಲಸ ಬಂತು. ಫಾರ್ಮಲಿನ್ ಹಳತಾದರೆ ಚೂರಿನ ಮೇಲೆ ತಾನೇ ಒಂದು ಕಂದು ಪುಡಿ ಕೂರಿಸುತ್ತದೆ. ನೋಡಿದರೆ ಥೇಟ್ ಮಲೇರಿಯಾದ್ದೇ ಅನ್ನಬೇಕು. ಅದನ್ನು ತೆಗೆಯಲು ಪಿಕ್ರಿಕ್ ಆಸಿಡ್. ಅದು ಅಪ್ಪಟ ಹಳದಿ. ಇಕ್ಕಳದಲ್ಲಿ ಹಿಡಿಯಬೇಕು ಎಂದು ಗೊತ್ತಿತ್ತು. ಆದರೆ ಇಕ್ಕಳವನ್ನು ಬಾಯಿ ಮೀನು ಮಗುಚಲು ಒಯ್ದಿದ್ದರು.

ಸಂಜೆ ಡಾಕ್ಟ್ರು ಬಂದರು. ನನ್ನ ಕೈ ನೋಡಿದರು. ಹಳದಿಯ ಮೇಲೆ ಕಪ್ಪು ಪಟ್ಟಿ, ಪಟ್ಟಿಯ ಅಂಚಿಗೆ ಕಂದು. ನವರಾತ್ರಿಗೆ ಇನ್ನೂ ಆರು ತಿಂಗಳಿತ್ತು. ಹುಲಿವೇಷದವರೂ ಅಷ್ಟು ಬೇಗ ಬಣ್ಣ ಕಲಸುವುದಿಲ್ಲ.

ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ಅವರು ಒಂದು ಸುತ್ತು ಬಂದು ನನ್ನ ಹಿಂದೆ ನಿಂತು ಕೆಳಗೆ ಬಗ್ಗಿ ನೋಡಿದರು.

"ಬಾಲ ಒಂದು ಬಾಕಿ ಉಂಟು, ಅಲ್ವಾ?"

೪. ನೀಲಿ ಊರು

ಏಪ್ರಿಲ್‌ನಲ್ಲಿ ಕಬ್ಬಿಣದ ಸರದಿ. ಫೆರೊಸಯನೈಡ್ ಎಂಬ ಔಷಧಕ್ಕೆ ಸ್ವಲ್ಪ ಆಸಿಡ್ ಸೇರಿಸಿ ಚೂರಿನ ಮೇಲೆ ಹಾಕುವುದು. ಕಬ್ಬಿಣ ಕೂಡಿದ ಲಿವರ್ ಇದ್ದರೆ ಚುಕ್ಕೆ ಚುಕ್ಕೆಯಾಗಿ ನೀಲಿ. ಮೊದಲ ಸ್ಲೈಡು ನೀಲಿ ಬಂತು. ಡಾಕ್ಟ್ರು ನನ್ನ ಬೆನ್ನು ತಟ್ಟಿದರು. ಎರಡನೆಯದೂ ನೀಲಿ. ಹತ್ತು ಮಾಡಿದೆ, ಹತ್ತೂ ನೀಲಿ. ಹನ್ನೆರಡನೆಯದೂ ನೀಲಿಯಾದಾಗ ಡಾಕ್ಟ್ರು ಊಟ ಬಿಟ್ಟರು.

"ಇದು ಸಣ್ಣ ಸಂಗತಿ ಅಲ್ಲ ಮಾರಾಯ," ಎಂದರು. "ನಮ್ಮ ಕರಾವಳಿಯವರ ಲಿವರೆಲ್ಲ ಕಬ್ಬಿಣ. ಮದರಾಸಿನವರಿಗೆ ಇದು ಗೊತ್ತೇ ಇಲ್ಲ." ಆರು ಪುಟದ ಲೇಖನ ಬರೆದರು. ಮರುದಿನ ಅಂಚೆಗೆ. ನನಗೂ ಕನಸು. ಊರಿನ ಲಿವರು ಕಬ್ಬಿಣವಾದರೆ ನನ್ನ ಕೆಲಸ ಉಕ್ಕು.

ಅಂಚೆಗೆ ಹಾಕುವ ಆ ಬೆಳಿಗ್ಗೆಯೇ ಮಾವ ಬಂದರು. ಗೇರುಬೀಜದ ಸುದ್ದಿ ಪರೀಕ್ಷೆ ಮಾಡಲು ಬಂದದ್ದು ಎಂದು ಆಮೇಲೆ ಗೊತ್ತಾಯಿತು. ಡಾಕ್ಟ್ರು ಖುಷಿಯಲ್ಲಿದ್ದರು. ಯಾರು, ಎಂತ ಎಂದು ಕೂಡ ಸರಿಯಾಗಿ ಕೇಳದೆ ಮಾವನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು.

"ನೀಲಿ ಕಾಣ್ತದಾ?"

"ಕಾಣ್ತದೆ."

"ಅದು ಕಬ್ಬಿಣ. ಕೆಂಪಾಗಿ ಕಾಣುವುದು ಲಿವರ್."

ಮಾವ ಒಂದು ಕಣ್ಣು ಮುಚ್ಚಿ ತುಂಬ ಹೊತ್ತು ನೋಡಿದರು. ಕೋರೆಯಲ್ಲಿ ಕಲ್ಲಿನ ಎಳೆ ನೋಡಿ ನೋಡಿ ಪಳಗಿದ ಕಣ್ಣು.

"ಡಾಕ್ಟ್ರೇ, ಲಿವರ್ ಇಲ್ಲಿಗೆ ಮುಗೀತಲ್ಲ?"

"ಮುಗೀತು. ಅಲ್ಲಿಂದ ಆಚೆ ಖಾಲಿ ಗಾಜು."

"ನೀಲಿ ಅಲ್ಲಿಯೂ ಉಂಟಲ್ಲ?"

ಡಾಕ್ಟ್ರು ನಗುತ್ತ ಬಗ್ಗಿ ನೋಡಿದರು. ನಗು ಅರ್ಧಕ್ಕೆ ನಿಂತಿತು. ಎರಡನೆಯ ಸ್ಲೈಡು ಇಟ್ಟರು, ಮೂರನೆಯದು ಇಟ್ಟರು. ಎಲ್ಲದರಲ್ಲಿಯೂ ಖಾಲಿ ಗಾಜಿನ ಮೇಲೆ ನೀಲಿ ಚುಕ್ಕೆ. ಒಂದು ಹೊಸ ಗಾಜು ತೆಗೆದು ಅಜ್ಜೇರಿಗೆ ಕೊಟ್ಟು, "ದಿನಾ ಒರಸಿದ ಹಾಗೆ ಒರಸಿ" ಎಂದರು. ಅಜ್ಜೇರು ತಮ್ಮ ಮುಂಡಿನ ಚುಂಗಿನಿಂದ ಚೆನ್ನಾಗಿ ಒರಸಿ ಕೊಟ್ಟರು. ಚೂರಿಲ್ಲದ ಬರೀ ಗಾಜಿಗೆ ಔಷಧ ಹಾಕಿದರು. ನೀಲಿ.

ನಮ್ಮ ಊರಿನ ಕೆಂಪು ಕಲ್ಲಿನ ಕೆಂಪೇ ಕಬ್ಬಿಣದ್ದು. ಆ ಧೂಳು ಕಟ್ಟೆಯಲ್ಲಿ ಒಣಗಿದ ಗಾಜಿನ ಮೇಲೂ ಇತ್ತು, ಅಜ್ಜೇರ ಚುಂಗಿನಲ್ಲಿಯೂ ಇತ್ತು. ನಾವು ಆರು ಪುಟ ಬರೆದದ್ದು ಲಿವರಿನ ಮೇಲಲ್ಲ, ಕಟ್ಟೆಯ ಮೇಲೆ.

"ಗಾಜನ್ನು ಕಲ್ಲಿನ ಮೇಲೆ ಒಣಗಿಸಿದ್ದು ಯಾರು?" ಡಾಕ್ಟ್ರ ದನಿ ಸಣ್ಣದಾಗಿತ್ತು. ಅವರ ದನಿ ಸಣ್ಣದಾದರೆ ಹೆದರಬೇಕು.

ಅಜ್ಜೇರು ಮುಂಡಿನ ಚುಂಗನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. ಆ ವಯಸ್ಸಿನಲ್ಲಿ ಕೆಲಸ ಹೋದರೆ ಅವರಿಗೆ ಬೇರೆ ಗತಿ ಇರಲಿಲ್ಲ. ಅವರು ಒರಸಿದ್ದು ನಿಜ. ಆದರೆ ಕಲ್ಲಿನ ಮೇಲೆ ಇಟ್ಟದ್ದು ನಾನು. ನನಗೆ ಕದ್ರಿಯ ಬಾಗಿಲು ಮುಚ್ಚಿದ ಹಾಗೆ ಕಂಡಿತು, ಬಾಗಿಲ ಹಿಂದಿನ ನಗುವೂ ನಿಂತ ಹಾಗೆ ಕೇಳಿಸಿತು. ತುಂಬ ದುಃಖವಾಯಿತು. ಆದರೂ ಹೇಳಿದೆ.

"ನಾನೇ ಡಾಕ್ಟ್ರೇ. ಒರಸಲು ಹೇಳಿದ್ದೂ ನಾನೇ."

ಡಾಕ್ಟ್ರು ಔಷಧದ ಹನಿಕೊಳವೆ ಹಿಡಿದುಕೊಂಡೇ ಕೋಣೆಯಲ್ಲಿ ಆಚೆ ಈಚೆ ನಡೆದರು. ಒಂದು ಹನಿ ಮಾವನ ಬಿಳಿ ಮುಂಡಿನ ಚುಂಗಿಗೆ ಬಿತ್ತು. ಎಲ್ಲರೂ ನೋಡುತ್ತಿದ್ದ ಹಾಗೆ ಅದು ನಿಧಾನಕ್ಕೆ ನೀಲಿಯಾಯಿತು.

ಮೊದಲು ನಕ್ಕದ್ದು ಮಾವ. ಆಮೇಲೆ ಡಾಕ್ಟ್ರು ಕುರ್ಚಿಯಲ್ಲಿ ಕೂತು ಕಣ್ಣೀರು ಬರುವವರೆಗೆ ನಕ್ಕರು. ಆರು ಪುಟ ಹರಿದು ಬುಟ್ಟಿಗೆ ಹಾಕಿದರು. "ಇವತ್ತು ಅಂಚೆಗೆ ಹೋಗಿದ್ದರೆ ಮದರಾಸಿನಲ್ಲಿ ನನ್ನ ಮಾನ ಹೋಗ್ತಿತ್ತು. ಮಾನ ಉಳಿಸಿದ್ದು ನೀವು. ನ್ಯಾಯವಾಗಿ ಖಾಯಂ ಮಾಡಬೇಕಾದ್ದು ನಿಮ್ಮನ್ನು," ಎಂದರು ಮಾವನಿಗೆ.

"ನನಗೆ ಕೋರೆ ಉಂಟು ಡಾಕ್ಟ್ರೇ," ಎಂದರು ಮಾವ. "ನನ್ನ ಬದಲಿಗೆ ಇವನನ್ನು ಮಾಡಿ. ತಪ್ಪು ಮಾಡ್ತಾನೆ, ಆದರೆ ಮಾಡಿದ್ದನ್ನು ಹೇಳ್ತಾನೆ. ಕೋರೆಯಲ್ಲಿ ಅಂಥವ ನನಗೆ ಒಬ್ಬನೂ ಸಿಕ್ಕಿಲ್ಲ."

೫. ಕಾಲು ಗಂಟೆ

ಬೇರೆ ಗಾಜು, ಬೇರೆ ಬಟ್ಟೆ. ಈ ಸಲ ಹನ್ನೆರಡರಲ್ಲಿ ಎರಡೇ ನೀಲಿ, ಆದರೆ ಆ ಎರಡು ಅಪ್ಪಟ. ಖಾಯಂ ಆದ ಕಾಗದ ಬಂತು. ಶುಭಕಾರ್ಯ ಕೂಡದ ಆಟಿ ತಿಂಗಳು ಬರುವ ಮೊದಲೇ ಮದುವೆ ಎಂದು ಮೇ ತಿಂಗಳಲ್ಲಿ ದಿನ ಇಟ್ಟರು. ಮಾವ ಒಂದೇ ಶರ್ತ ಹಾಕಿದರು. "ಧಾರೆಯ ದಿನ ಕುಟುಂಬದವರೆಲ್ಲ ನಿನ್ನ ಕೈಯನ್ನೇ ನೋಡ್ತಾರೆ. ಎಂಟು ದಿನ ಬೆಳ್ಳಿ ಮುಟ್ಟಬೇಡ. ಮುಟ್ಟಿದರೆ ನನ್ನ ಮರ್ಯಾದೆ ಹೋಯ್ತು ಅಂತ ತಿಳಿ."

ಏಳು ದಿನ ಮುಟ್ಟಲಿಲ್ಲ. ಮುಟ್ಟುವ ಅಗತ್ಯವೂ ಬೀಳಲಿಲ್ಲ, ಯಾಕೆಂದರೆ ಏಳು ದಿನವೂ ಮೋಡ. ಮದರಾಸಿನ ಪೆಟ್ಟಿಗೆಗೆ ಸುಣ್ಣದ ಸ್ಲೈಡು ಒಂದು ಬಾಕಿ ಇತ್ತು. ಡಾಕ್ಟ್ರು ದಿನಾ ಆಕಾಶ ನೋಡುತ್ತಿದ್ದರು. ಪೆಟ್ಟಿಗೆ ಒಯ್ಯುವ ಅವರ ಸ್ನೇಹಿತರು ಮದುವೆಯ ದಿನ ಸಂಜೆಯ ರೈಲಿಗೆ ಹೊರಡುವವರಿದ್ದರು.

ಮದುವೆಯ ಬೆಳಿಗ್ಗೆ ಎದ್ದರೆ ಝಗಝಗ ಬಿಸಿಲು. ಮುಹೂರ್ತ ಹನ್ನೊಂದಕ್ಕೆ. ಕಾಲು ಗಂಟೆಯ ಕೆಲಸ. ಅಮ್ಮನಿಗೆ ಕ್ಷೌರಕ್ಕೆ ಹೋಗುತ್ತೇನೆ ಎಂದು ಸುಳ್ಳು ಹೇಳಿ ಲ್ಯಾಬಿಗೆ ಓಡಿದೆ. ಸ್ಲೈಡಿಗೆ ಬೆಳ್ಳಿಯ ನೀರು ಹನಿಸಿ, ಮರದ ಹಲಗೆಯ ಮೇಲೆ ಇಟ್ಟು, ಬಾಯಿಗೆ ಕೈ ಮುಗಿದು "ಮಗುಚಬೇಡಿ" ಎಂದೆ. ಇಕ್ಕಳದಲ್ಲಿಯೇ ಹಿಡಿದದ್ದು. ಆದರೆ ಸೀಸೆಯ ಮುಚ್ಚಳ ಸಡಿಲ ಇತ್ತು. ಬಲಗೈಯ ಬೆರಳು ಒದ್ದೆಯಾಯಿತು. ತೊಳೆಯಲು ಬಾವಿಗೆ ಹೋಗುವಷ್ಟು ಹೊತ್ತು ಇರಲಿಲ್ಲ. ಕೈ ಒರಸಿಕೊಂಡು ಓಡಿದೆ. ದಾರಿಯಲ್ಲೆಲ್ಲ ಕೈ ಕಂಕುಳಲ್ಲಿ, ಬಿಸಿಲಿಗೆ ತೋರಿಸಲಿಲ್ಲ.

ಚಪ್ಪರದಡಿ ಒಳ್ಳೆಯ ನೆರಳು. ಕೈ ಬೆಳ್ಳಗೇ ಇತ್ತು. ಮಾವ ಬಂದು ನನ್ನ ಎರಡೂ ಕೈ ಎತ್ತಿ ನೆರೆದವರಿಗೆ ತೋರಿಸಿದರು. "ನೋಡಿ, ಯಾರು ಎಂತ ಹೇಳಿದ್ದು?" ಕೈ ಹಿಡಿಸಿದರು. ಗಿಂಡಿಯಿಂದ ಧಾರೆಯ ನೀರು ಬಿತ್ತು. ಬಿಡಬಾರದು ಎಂದು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಂಥ ಸುಖ ನನಗೆ ಮತ್ತೆ ಆಗಲಿಲ್ಲ.

ಹಿರಿಯರ ಕಾಲು ಹಿಡಿಯಲು ಅಂಗಳದ ಬಿಸಿಲಲ್ಲಿ ಒಂದು ಸುತ್ತು ಬಂದೆವು. ಎಷ್ಟು ಹಿರಿಯರು ಮಾರಾಯರೇ ಆ ಕುಟುಂಬದಲ್ಲಿ! ಕೊನೆಯವರು ಮಾವ. ಬಗ್ಗಿ ಏಳುವಾಗ ಅವರ ಕಣ್ಣು ನನ್ನ ಕೈಯ ಮೇಲೆ ಬಿತ್ತು. ನನ್ನ ಬಲಗೈ ಇದ್ದಲಿನ ಬಣ್ಣ. ಅವರ ಮೀಸೆ ಕುಣಿಯಿತು. ಆಮೇಲೆ ಅವಳ ಕೈ ನೋಡಿದರು. ಅವಳ ಬಲಗೈಯ ಬೆನ್ನಿನ ಮೇಲೆ ಸ್ಪಷ್ಟವಾಗಿ, ಯಾರೋ ಅಚ್ಚು ಹೊಡೆದ ಹಾಗೆ, ನನ್ನ ನಾಲ್ಕು ಬೆರಳು.

ಹೆಂಗಸರು ಹೌಹಾರಿದರು. ಅಮ್ಮ ಅಳಲು ಶುರು ಮಾಡಿದಳು. ಹತ್ತಿರದಲ್ಲೇ ನಿಂತಿದ್ದ ಡಾಕ್ಟ್ರು ಮಾತ್ರ ಕನ್ನಡಕ ಏರಿಸಿ ಅವಳ ಕೈ ನೋಡಿ, "ಎಷ್ಟು ಶುದ್ಧವಾಗಿ ಬಂದಿದೆ! ಸ್ಲೈಡಿನಲ್ಲಿ ಒಂದು ದಿನ ಹೀಗೆ ಮಾಡಿದ್ದಾನಾ ಇವ?" ಎಂದರು.

ಮಾವ ನನ್ನನ್ನು ನೋಡಿದರು. "ಯಾರು ಮಾಡಿದ್ದು?"

"ನಾನೇ. ಬೆಳಿಗ್ಗೆ. ಕಾಲು ಗಂಟೆ."

ಮಾವ ಉಸಿರು ಬಿಟ್ಟರು. ಮತ್ತೆ ಕುಟುಂಬದ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹೇಳಿದರು. "ಊಟಕ್ಕೆ ಏಳಿ. ಮದುಮಗಳಿಗೆ ಚಿನ್ನ ಹಾಕುವವರನ್ನು ನೋಡಿದ್ದೀರಿ, ಬೆಳ್ಳಿಯನ್ನು ಹೀಗೆ ಹಾಕಿದವನನ್ನು ನೋಡಿಕೊಳ್ಳಿ. ಗುರುತು ಬಿದ್ದ ಮೇಲೆ ಇನ್ನು ವಾಪಸು ತಕೊಳ್ಳುವ ಹಾಗೂ ಇಲ್ಲ."

ಸುಣ್ಣದ ಸ್ಲೈಡು ಆ ಸಂಜೆಯ ರೈಲಿಗೆ ಹೋಯಿತು. ಚೆನ್ನಾಗಿದೆ ಎಂದು ಮದರಾಸಿನಿಂದ ಬರೆದರಂತೆ. ಆ ಡಾಕ್ಟ್ರು, ಅಜ್ಜೇರು, ಬಾಯಿ, ಮಾವ ಯಾರೂ ಈಗ ಇಲ್ಲ. ಕೆಂಪು ಕಲ್ಲಿನ ಕಟ್ಟೆಯೂ ಇಲ್ಲ.

ನನ್ನ ಕೈಯ ಕಪ್ಪು ಹೋಗಲು ಮೂರು ವಾರ ಹಿಡಿಯಿತು. ಅವಳದ್ದು ಎರಡೇ ವಾರದಲ್ಲಿ ಹೋಯಿತು. ಒಂದು ಬೆಳಿಗ್ಗೆ ಲ್ಯಾಬಿಗೆ ಹೊರಟು ನಿಂತಾಗ ಅವಳು ಬಂದು ಬರಿಗೈ ಮುಂದೆ ಚಾಚಿದಳು.

"ಎಂತ?" ಎಂದೆ.

"ಅಳಿಸಿ ಹೋಯ್ತು," ಎಂದಳು. "ಬರುವಾಗ ಕೈ ತೊಳೆಯದೆ ಬನ್ನಿ."